ಗುರುವಾರದ ಗೆಳೆಯರು

ಮೌಂಟನ್ ವ್ಯೂ
ಮಾರ್ಚ್ 12, 2000

ಪ್ರೀತಿಯ ಇವರಿಗೆ,

ನಿಮ್ಮ ಕೆಮ್ಮು ಈಗ ಹೇಗಿದೆ? ಆ ಚಳಿಗೆ ಮಫ್ಲರ್ ಸುತ್ತಿಕೊಳ್ಳಿ ಎಂದರೆ ಕೇಳುವವರಲ್ಲ ನೀವು. ನಾನು ಚೆನ್ನಾಗಿದ್ದೇನೆ. ನವ್ಯಾ ಬರ್ಕ್ಲಿಯ ಕಾಲೇಜಿನಿಂದ ತಿಂಗಳಿಗೊಮ್ಮೆ ಬಂದು ಬಟ್ಟೆ ಒಗೆದುಕೊಂಡು ಹೋಗುತ್ತಾಳೆ; ನಾನು ಕನ್ನಡದಲ್ಲಿ ಏನು ಕೇಳಿದರೂ ‘ಐಯಾಮ್ ಫೈನ್, ಅಮ್ಮಾ’ ಎನ್ನುವುದೊಂದೇ ಅವಳ ಉತ್ತರ. ನನ್ನ ಡೇಕೇರಿನಲ್ಲಿ ಮಕ್ಕಳು ಹೆಚ್ಚಾಗಿದ್ದಾರೆ. ಅಪ್ಪ ಅಮ್ಮಂದಿರು ಸ್ಟಾರ್ಟಪ್ಪು, ಸ್ಟಾಕು ಎಂದು ಓಡಾಡಿ ಏಳು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತಾರೆ. ಕೊನೆಯ ಮಗು ಹೋದ ಮೇಲೆ ಅಪಾರ್ಟ್‌ಮೆಂಟಿಗೆ ಬಂದು ಒಬ್ಬಳಿಗೆ ಅರ್ಧ ಲೋಟ ಅಕ್ಕಿ ಇಡುತ್ತೇನೆ. ಅದೂ ಮಿಗುತ್ತದೆ.

ಕಂಪನಿಯವರು ನಿಮ್ಮನ್ನು ಇಂಗ್ಲೆಂಡಿಗೆ ಕಳಿಸಿದ್ದು ಆರು ತಿಂಗಳಿಗೆಂದು. ಎರಡು ವರ್ಷವಾಯಿತು. ನನಗೆ ನಾಲ್ಕು ಸಾಲಿನ ಇ-ಮೇಲು ಬರೆಯುವ ನೀವು, ಆ ಸಂತೆ ಊರಿನ ಪಬ್ಬುಗಳ ಮೇಲೆ ವೆಬ್‌ಸೈಟು ಮಾಡಿ ಪುಟಗಟ್ಟಲೆ ಬರೆದಿದ್ದೀರಿ ಎಂದು ತೋರಿಸಿದವಳು ನವ್ಯಾನೇ. ದಿನಾ ಓದುತ್ತೇನೆ. ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ಬಿಯರಿಗೆ ರಿಯಲ್ ಏಲ್ ಎನ್ನುತ್ತಾರಂತೆ, ಅದಕ್ಕೆ ಜೇನಿನ, ಒಣಹುಲ್ಲಿನ ಪರಿಮಳವಂತೆ. ಇಪ್ಪತ್ತು ವರ್ಷ ನನ್ನ ಸಾರು ಉಂಡು ‘ಪರವಾಗಿಲ್ಲ’ ಎನ್ನುವುದು ಬಿಟ್ಟು ಬೇರೆ ಮಾತಾಡದವರಿಗೆ ಇಷ್ಟೊಂದು ಮಾತು ಎಲ್ಲಿಂದ ಬಂತೋ. ಗುರುವಾರ ಸಂಜೆ ವೂಲ್‌ಪ್ಯಾಕ್ ಎಂಬ ಪಬ್ಬಿನಲ್ಲಿ ಗೆಳೆಯರೆಲ್ಲ ಸೇರುತ್ತೀರಂತೆ, ಒಬ್ಬೊಬ್ಬರು ಸರದಿಯ ಮೇಲೆ ಎಲ್ಲರಿಗೂ ಕೊಡಿಸುತ್ತೀರಂತೆ, ಪೀಟರ್ ಎನ್ನುವವನು ಹಾಡುತ್ತಾನಂತೆ. ಓದಿ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಈಗ ಕೋಪ ಮಾಡಿಕೊಳ್ಳಬೇಡಿ. ಹೋದ ತಿಂಗಳು ಒಂದು ವಾರ ಸ್ಯಾನ್ ರಮೋನಿನಲ್ಲಿ ತಂಗಿ ನೀತಾ ಮನೆಯಲ್ಲಿರುತ್ತೇನೆ ಎಂದು ಹೇಳಿದ್ದೆನಲ್ಲ, ಅಲ್ಲಿಗೆ ಹೋಗಿರಲಿಲ್ಲ. ನಿಮ್ಮ ಊರಿಗೆ ಬಂದಿದ್ದೆ. ವಾಪಸು ಬರುತ್ತೀರೋ ಇಲ್ಲವೋ, ಅದೊಂದನ್ನು ಮುಖ ನೋಡಿ ಕೇಳಬೇಕಿತ್ತು. ನಿಮ್ಮ ಮನೆಯ ವಿಳಾಸವಿತ್ತು. ಬೇರೆ ಯಾರಾದರೂ ಬಾಗಿಲು ತೆಗೆದರೆ ಎಂಬ ಹೆದರಿಕೆಗೆ ಆ ಬೀದಿಯ ಕಡೆಗೇ ಹೋಗಲಿಲ್ಲ. ನೀವು ಚೆನ್ನಾಗಿದೆ ಎಂದು ಬರೆದ ಪಬ್ಬುಗಳ ಪಟ್ಟಿಯನ್ನು ಪ್ರಿಂಟು ಮಾಡಿಕೊಂಡು ಒಂದೊಂದನ್ನೇ ಹುಡುಕಿಕೊಂಡು ಹೋದೆ.

ಮೊದಲನೆಯದು ಬೆಲ್. ಅಲ್ಲಾದ ಫಜೀತಿ ಕೇಳಿ. ಹಾಸನದ ಹೋಟೆಲಿನಲ್ಲಿ ಕೂತ ಹಾಗೆ ಮೇಜಿಗೆ ಕೂತೆ. ನೀರಿನ ಲೋಟ ಬರುತ್ತದೆ, ಯಾರಾದರೂ ‘ಏನ್ ಕೊಡ್ಲಿ ಅಕ್ಕಾ’ ಎನ್ನುತ್ತಾರೆ ಎಂದು ಮುಕ್ಕಾಲು ಗಂಟೆ ಕಾದೆ. ಒಬ್ಬರೂ ತಿರುಗಿ ನೋಡಲಿಲ್ಲ. ಸೀರೆ ಉಟ್ಟವಳೆಂದು ಹೀಗೆ ಮಾಡುತ್ತಿದ್ದಾರೆ ಅಂದುಕೊಂಡು ಕಣ್ಣಲ್ಲಿ ನೀರು ಬಂತು. ಕೊನೆಗೆ ಮೇಜು ಒರೆಸಲು ಬಂದ ಯಜಮಾನಿ, ಇಲ್ಲಿ ನಾವೇ ಎದ್ದು ಕೌಂಟರಿಗೆ ಹೋಗಿ ಕೇಳಬೇಕು ಎಂದು ತಿಳಿಸಿ, ಪಾಪ, ತಾನೇ ಅರ್ಧ ಗ್ಲಾಸು ಬಿಯರು ತಂದುಕೊಟ್ಟಳು. ಹೌದು, ಕುಡಿದೆ. ಆರಿದ ಕಷಾಯದ ಹಾಗಿತ್ತು. ನಿಮ್ಮ ಜೇನು ನನಗೆ ಸಿಗಲಿಲ್ಲ. ಅವಳಿಗೆ ನಿಮ್ಮ ಫೋಟೋ ತೋರಿಸಿದೆ. ನೋಡಿದ್ದೇನೆ, ಮಾತು ಕಡಿಮೆ, ಬಲು ಮರ್ಯಾದಸ್ಥರು ಎಂದಳು. ಪೀಟರ್ ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಇನ್ನೆರಡು ಕಡೆ ಹೋದೆ. ಗುರುವಾರ ಸಂಜೆ ವೂಲ್‌ಪ್ಯಾಕಿನಲ್ಲೂ ಕೂತೆ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಶುಕ್ರವಾರ ವಿಮಾನ ಹತ್ತಿದೆ, ಕೇಳಬೇಕಾದದ್ದನ್ನು ಕೇಳದೆಯೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಹೋಗಿದ್ದು ಯಾರಿಗೂ ಗೊತ್ತೇ ಇರಲಿಲ್ಲವಲ್ಲ. ಟ್ರೈನಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ತುಂಬ ಅತ್ತೆ.

ಇನ್ನೇನು ಯುಗಾದಿ ಬಂತು. ಕೆಮ್ಮಿಗೆ ಮೆಣಸು ಜಜ್ಜಿ ಹಾಕಿ ಬಿಸಿನೀರು ಕುಡಿಯಿರಿ. ನೀವೆಲ್ಲಿದ್ದರೂ ಆರೋಗ್ಯವಾಗಿರಿ.

ನಿಮ್ಮ
ವಿಮಲಾ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಗುರುವಾರ ನೀವು ಬಂದಿರಿ. ನಾನು ಹಿಂದಿನ ಮೂಲೆಯಲ್ಲಿ ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಒಂದೇ ಒಂದು ಗ್ಲಾಸು ತೆಗೆದುಕೊಂಡು ಎರಡು ಗಂಟೆ ಕೂತಿರಿ. ನಿಮ್ಮ ಮೇಜಿಗೆ ಯಾರೂ ಬರಲಿಲ್ಲ. ಇಲ್ಲಿಗೆ ಬಂದು ವೆಬ್‌ಸೈಟು ತೆರೆದರೆ, ಅವತ್ತು ಪೀಟರ್ ಎರಡು ಹಾಡು ಹಾಡಿದ, ನಗುವೋ ನಗು ಎಂದು ಬರೆದಿದ್ದೀರಿ. ನಿಮಗೆ ನಾಚಿಕೆಯಾಗುತ್ತದೆ ಎಂದು ನಾನು ಎದ್ದು ಬರಲಿಲ್ಲ. ತಪ್ಪು ಮಾಡಿದೆ. ಯುಗಾದಿಗೆ ಬನ್ನಿ, ಆಗದಿದ್ದರೆ ಒಂದು ಸಾಲು ಬರೆಯಿರಿ, ನಾನೇ ಬಂದುಬಿಡುತ್ತೇನೆ. ಹೊರಡುವಾಗ ನೀವು ಕೋಟಿಗೆ ಕೈ ಹಾಕುತ್ತಿದ್ದಿರಿ, ‘ರೀ’ ಎಂದು ಯಾರೋ ಕರೆದ ಹಾಗಾಗಿ, ಹಿಂದಿನ ಮೂಲೆ ಬಿಟ್ಟು ಬಾಗಿಲ ಕಡೆ ನೋಡಿ ಬಹಳ ಹೊತ್ತು ನಿಂತಿರಲ್ಲ, ಅದು ಭ್ರಮೆಯಲ್ಲ. ಕರೆದದ್ದು ನಾನೇ.