ಹಗಲು ಮಲಗುವವರ ಓಣಿ ಪಾಳುಬಿದ್ದಿಲ್ಲ

ಮುಂದೆ ಕಟ್ಟಲಿರುವ ಮನೆಗಳಿಗೆ ಈಗಲೇ ಜಾಗ ಹುಡುಕಿಡುವ ಮಾನ್ಯ ಅಧಿಕಾರಿಗಳೇ,

ತಾವು ಪ್ರಕಟಿಸಿರುವ ನಕ್ಷೆಯಲ್ಲಿ ಆಸ್ಪತ್ರೆಯ ಹಿಂದಿನ ನಮ್ಮ ಓಣಿಗೆ ಹಳದಿ ಬಳಿಯಲಾಗಿದೆ. ಹಳದಿ ಎಂದರೆ ‘ಜನವಾಸವಿಲ್ಲ, ಕೆಡವಿ, ಭವಿಷ್ಯದ ವಸತಿಗೆ ಬಳಸಬಹುದು’ ಎಂದು ಕೆಳಗೆ ವಿವರಣೆಯಿದೆ. ಆ ಹಳದಿಯೊಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ವಾಕ್ಯಗಳು ಅಲ್ಲಲ್ಲಿ ನಡುಗಿದ್ದರೆ, ಜನವಾಸವಿಲ್ಲದ ಮನೆಯಿಂದ ಇಷ್ಟಾದರೂ ಬಂತಲ್ಲ ಎಂದು ಮನ್ನಿಸಬೇಕು.

ನಮ್ಮದು ಹಗಲು ಮಲಗುವವರ ಓಣಿ. ನನ್ನ ಹೆಂಡತಿ ರಾತ್ರಿ ಪಾಳಿಯ ನರ್ಸು, ನಾನು ಪತ್ರಿಕೆಯ ಕರಡು ತಿದ್ದುವವನು, ಎದುರು ಮನೆಯವನು ಬೇಕರಿಯ ಒಲೆಯ ಮುಂದೆ ಬೆಳಗು ಕಾಣುವವನು. ತಾವು ಎದ್ದೊಡನೆ ಬಿಡಿಸುವ ಪೇಪರು, ಮುರಿಯುವ ಬ್ರೆಡ್ಡು, ಎರಡೂ ಈ ನಿರ್ಜನ ಪ್ರದೇಶದ ಉತ್ಪನ್ನ. ಹಗಲಲ್ಲಿ ಇಲ್ಲಿ ಕಿಟಕಿಗೆ ಕಂಬಳಿ, ಬಾಗಿಲಿಗೆ ಚಿಲಕ. ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತೇವೆ. ಅದರಿಂದ ಬೈಗುಳದ ಗುಣಮಟ್ಟ ಬಹಳ ಸುಧಾರಿಸಿದೆ. ಎಚ್ಚರವಾಗಿರುವವರು ಬೇಕರಿಯವನ ತಾಯಿ ಒಬ್ಬರೇ. ನಮಗೆಲ್ಲ ಅವರು ದೊಡ್ಡಮ್ಮ. ಓಣಿಯ ಬಾಯಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂರುತ್ತಾರೆ. ಮಲಗಿದವರ ನಿದ್ದೆ ಕೆಡದಿರಲೆಂದು, ಯಾರು ಬಂದು ಯಾರನ್ನು ಕೇಳಿದರೂ “ಯಾರೂ ಇಲ್ಲಪ್ಪ, ಹೋಗಿ ಬಾ” ಎನ್ನುತ್ತಾರೆ. ಸೋಪು ಮಾರುವವನಿಗೂ ಅದೇ, ನನ್ನ ಸ್ವಂತ ಮಾವನಿಗೂ ಅದೇ. ಎರಡನೆಯದಕ್ಕೆ ನಾನು ಚಿರಋಣಿ.

ತಮ್ಮ ಕಚೇರಿಯ ಸರ್ವೇಯರಿಗೂ ಅದನ್ನೇ ಹೇಳಿದರು.

“ಈ ಮನೇಲಿ ಯಾರಿದ್ದಾರಜ್ಜಿ?”

“ಯಾರೂ ಇಲ್ಲ.”

“ಪಕ್ಕದ್ರಲ್ಲಿ?”

“ಇಲ್ಲಪ್ಪ. ಮೆಲ್ಲಗೆ ಮಾತಾಡು.”

“ಇಡೀ ಓಣೀಲೇ ಯಾರೂ ಇಲ್ವಾ?”

“ಒಂದ್ಸಲ ಹೇಳಿದ್ರೆ ತಿಳಿಯಲ್ವೇನೋ ನಿಂಗೆ?”

ತಿಳಿಯಿತು. ಬರೆದುಕೊಂಡು ಹೊರಟರು. ಯಾರೂ ಇಲ್ಲದ ಕಡೆ ಮೆಲ್ಲಗೆ ಏಕೆ ಮಾತಾಡಬೇಕು ಎಂಬ ಸಣ್ಣ ಅನುಮಾನವಾದರೂ ಅವರಿಗೆ ಬರಬಾರದಿತ್ತೇ? ತಂತಿಯ ಮೇಲಿನ ನರ್ಸಿನ ಬಿಳಿ ಬಟ್ಟೆ ಅಲ್ಲೇ ಚಿಗುರಿತ್ತೇ? ಬಾಗಿಲು ಬಾಗಿಲಿಗೂ ಬಿಟ್ಟಿದ್ದ ಚಪ್ಪಲಿಗಳು ಯಾರ ಕಾಲನ್ನು ಕಾಯುತ್ತಿದ್ದವು?

ಕಳೆದ ವಾರ ಓಣಿಯ ತುದಿಯ ಹಳೆಯ ಗೋದಾಮನ್ನು ಯಂತ್ರ ಬಂದು ಉರುಳಿಸಿತು. ಅದಕ್ಕೂ ಹಳದಿಯನ್ನೇ ಬಳಿದಿದ್ದಿರಿ. ಅಂದಿನಿಂದ ನಾವು ಯಾರೂ ಕಣ್ಣು ಮುಚ್ಚಿಲ್ಲ. ನಿದ್ದೆಯಲ್ಲಿರುವಾಗಲೇ ಗೋಡೆ ಮೈಮೇಲೆ ಬಂದರೆ? ಲಾರಿ ಗುಡುಗಿದರೂ ಎದ್ದು ಹೊಸ್ತಿಲಲ್ಲಿ ನಿಲ್ಲುತ್ತೇವೆ. ಬೇಕರಿಯವನು ತೂಕಡಿಸಿ ತೋಳು ಸುಟ್ಟುಕೊಂಡ. ನನ್ನ ಹೆಂಡತಿ ಪಾಳಿ ಮುಗಿಸಿ ಬಂದವಳು ಚೀಲ ಕೂಡ ಇಳಿಸದೆ ಹೇಳಿದಳು: “ರೀ, ನಿನ್ನೆ ಬೇರೆ ಪೇಷೆಂಟಿನ ಇಂಜೆಕ್ಷನ್ ಎತ್ಕೊಂಡಿದ್ದೆ. ಜೊತೆಯವಳು ನೋಡಿ ಕೈ ಹಿಡಿದ್ಲು. ಅವಳು ನೋಡದೇ ಹೋಗಿದ್ರೆ?”

ಈ ಪ್ರಶ್ನೆಗೆ ಉತ್ತರ ತಮ್ಮಲ್ಲಿದೆಯೇ?

ದೊಡ್ಡಮ್ಮ ಊಟ ಬಿಟ್ಟಿದ್ದಾರೆ. “ನನ್ನ ಬಾಯಿಂದಲೇ ನಿಮ್ಮ ಮನೆಗಳು ಹೋದ್ವು ಕಣೋ” ಎನ್ನುತ್ತಾರೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಯಂತ್ರ ಬರುವ ಮೊದಲು ತಾವೇ ಖುದ್ದಾಗಿ, ಮಟಮಟ ಮಧ್ಯಾಹ್ನವೇ ಬನ್ನಿ. ಪ್ರತಿಯೊಂದು ಬಾಗಿಲನ್ನೂ ಬಡಿಯಿರಿ. ಕೆಂಗಣ್ಣು, ಕೆದರಿದ ತಲೆ ಹೊತ್ತು ಬಂದು ನಿಲ್ಲುವ ನಮ್ಮನ್ನು ನೋಡಿ ಆ ಹಳದಿಯನ್ನು ಅಳಿಸಿ. ಅಳಿಸಿದ್ದೇನೆಂದು ದೊಡ್ಡಮ್ಮನ ಪಕ್ಕ ಕೂತು, ಅವರ ಕೈ ಹಿಡಿದು ತಾವೇ ಹೇಳಿ. ‘ಅಳಿಸುತ್ತಾರೆ ಬಿಡಿ’ ಎಂದು ನಾವು ಹೇಳಿದರೆ ಅವರು ನಂಬುತ್ತಿಲ್ಲ.

ಇಂತಿ,
ತಮ್ಮ ಅಪ್ಪಣೆಯಾದರೆ ಇರಬಯಸುವ
ಓಣಿಯ ಕರಡು ತಿದ್ದುವವನು