ಸರಿ ಹೇಳಿದವರು ಹೊಡೆಯಬೇಕು

ಪ್ರೀತಿಯ ಅಶ್ವಿನಿ ಅಕ್ಕ,

ಆ ಬಸ್ಸೂ ಹೋಯಿತು ಕಣೆ. ಮಧ್ಯಾಹ್ನದಿಂದ ಇದೇ ಕತೆ, ಎಲ್ಲಿ ಕಾಲಿಟ್ಟರೂ ಅಲ್ಲೊಂದು ತಕರಾರು. ನಿಮ್ಮ ಕೊರಟಗೆರೆಯಲ್ಲಿ ಹತ್ತಿದ ಬಸ್ಸು ದಾರಿಯಲ್ಲಿ ಪಂಚರ್ ಆಯಿತು, ಮಧುಗಿರಿಗೆ ಬರುವಷ್ಟರಲ್ಲಿ ನಮ್ಮೂರಿಗೆ ಹೋಗುವ ಬಡವನಹಳ್ಳಿ ಕಡೆಯ ಬಸ್ಸು ಹೊರಟಿತ್ತು. ಹೊಸೂರಿನ ಫೌಂಡ್ರಿಯಿಂದ ಸೂಪರ್‌ವೈಸರ್ ಫೋನ್ ಮಾಡಿ, ಬೆಳಿಗ್ಗೆ ಶಿಫ್ಟಿಗೆ ಬರದಿದ್ದರೆ ಗ್ರೈಂಡರ್ ಬೇರೆಯವನಿಗೆ ಕೊಡುತ್ತೇನೆ ಎಂದ. ಕೊಡಲಿ ಬಿಡು. ಬಲಗೈಯ ಗೆಣ್ಣುಗಳು ಬಾತುಕೊಂಡಿವೆ, ಗ್ರೈಂಡರ್ ಇರಲಿ, ಚಹದ ಲೋಟ ಹಿಡಿಯಲೂ ಆಗುತ್ತಿಲ್ಲ. ಟೈಪ್ ಮಾಡಲಾಗದೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ. ಪಕ್ಕದ ಮನೆಯ ರಾಧಾಮಣಿ ಅಕ್ಕನ ಫೋನಿಗೇ ಕಳಿಸುತ್ತಿದ್ದೇನೆ, ನಿನ್ನ ಫೋನು ಭಾವನ ಕೈಯಲ್ಲಿದೆಯಂತೆ. ಬಟ್ಟೆ ಹೊಲಿಸುವ ನೆಪದಲ್ಲಿ ಅವರ ಮನೆಗೆ ಹೋದಾಗ ಕೇಳಿಸಿಕೋ. ಬಲಗಿವಿಗೆ ಇಟ್ಟುಕೊಂಡು ಕೇಳು. ಎಡಗಿವಿ ಕೇಳಿಸುವುದಿಲ್ಲ ಎಂದು ನೀನು ಯಾರಿಗೂ ಹೇಳಿಲ್ಲ, ಆದರೆ ನಾನು ನೋಡಿದೆ.

ಅಮ್ಮನಿಗೂ ಫೋನ್ ಮಾಡಿದ್ದೆ. ಹಿಂಗಿಂಗೆ ಆಯ್ತು ಎಂದು ಎಲ್ಲ ಹೇಳಿದರೆ ನಮ್ಮ ತಾಯಿ ಅಶ್ವತ್ಥಮ್ಮನವರು ಕೊಟ್ಟ ಉತ್ತರ ಇದು: "ಮೇಷ್ಟ್ರಲ್ವೇನ್ಲಾ ಅವ್ನು, ಕಲ್ಸೋರು ಒಂದೇಟು ಹೊಡೀತಾರೆ. ನೀನ್ ಯಾಕ್ಲಾ ಅವ್ರ ಮನ್ಯಾಗೆ ಹೋಗಿ ಕೈ ಎತ್ತಿದ್ದು?" ಅಲ್ಲಿಗೆ ಫೋನ್ ಇಟ್ಟುಬಿಟ್ಟೆ. ಇಂಗ್ಲಿಷ್ ಹೇಳಿಕೊಡುವ ಅಳಿಯ ಎಂದು ಊರೆಲ್ಲ ಹೇಳಿಕೊಂಡು ಬಂದ ಬಾಯಿ ಅದು, ಒಂದೇ ದಿನದಲ್ಲಿ ತಿರುಗುತ್ತದೆಯೇ?

ನಿನಗೆ ನೆನಪಿದೆ ಅಲ್ಲವಾ, ನಮ್ಮೂರ ಶಾಲೆಯಲ್ಲಿ ನಂದೀಶ್ವರಯ್ಯ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಿದ್ದ ರೀತಿ. ಬೋರ್ಡಿನ ಮೇಲೆ ಒಂದೇ ಪ್ರಾಸದ ಪದಗಳನ್ನು ಕೆಳಗೆ ಕೆಳಗೆ ಬರೆಯುತ್ತಿದ್ದರು. ಕ್ಯಾಟ್ ಬೆಕ್ಕು, ರ‍್ಯಾಟ್ ಇಲಿ, ಮ್ಯಾಟ್ ಚಾಪೆ, ಫ್ಯಾಟ್ ಕೊಬ್ಬು. ಒರೆಸಿ ಆಮೇಲೆ ಕೇಳುತ್ತಿದ್ದರು. ಅವರು ತಾವಾಗಿ ಯಾರನ್ನೂ ಮುಟ್ಟುತ್ತಿರಲಿಲ್ಲ. ಸರಿ ಹೇಳಿದವರು ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು, ಅದೇ ನಿಯಮ. ಮೆಲ್ಲಗೆ ಹೊಡೆದರೆ ಮಾತ್ರ, ಹೆಂಗೆ ಹೊಡೆಯಬೇಕು ಅಂತ ಹಾಗೆ ಹೊಡೆದವರ ಕೆನ್ನೆಗೇ ಹೊಡೆದು ತೋರಿಸುತ್ತಿದ್ದರು. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುತ್ತಿದ್ದರಿಂದ ನಾನು ನಿನ್ನ ಕೈಗೆ ಸಿಕ್ಕಿಬೀಳುತ್ತಿದ್ದೆ. ನೀನು ಎಲ್ಲದಕ್ಕೂ ಸರಿ ಹೇಳುತ್ತಿದ್ದೆ. ರೇನ್ ಮಳೆ, ಪೇನ್ ನೋವು, ಟ್ರೇನ್ ರೈಲು, ಚೈನ್ ಸರಪಳಿ, ಗ್ರೇನ್ ಕಾಳು, ಬ್ರೇನ್ ಮೆದುಳು, ಒಂದೇ ಉಸಿರಿಗೆ. ಅಂಗೈಯನ್ನು ಗುಳಿ ಮಾಡಿ ಹೊಡೆದರೆ ಸದ್ದು ಜೋರು, ನೋವು ಕಮ್ಮಿ ಎಂದು ಕಂಡುಕೊಂಡವಳೂ ನೀನೇ. ಮೇಷ್ಟ್ರಿಗೆ ಪಟಾರನೆ ಕೇಳಿಸಬೇಕು, ನನಗೆ ಉರಿಯಬಾರದು. ಮೂಗು ಹಿಡಿದುಕೊಂಡೇ ಕಣ್ಣಲ್ಲಿ ನಗುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಹುಣಸೆಹಣ್ಣು ಕೊಟ್ಟು ಸಮಾಧಾನ ಮಾಡುತ್ತಿದ್ದೆ. ಅದಕ್ಕೇ ಇವತ್ತು ಮೊದಮೊದಲು ನಾನೂ ನಕ್ಕೆ.

ಊಟ ಆಯಿತು. ನಾನು ತಂದ ನಾಟಿಕೋಳಿಯ ಸಾರು ಚೆನ್ನಾಗಿತ್ತು ಎಂದು ಚೇತನ್ ಭಾವ ಬೆರಳು ನೆಕ್ಕಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಧನುವನ್ನೂ ನಿನ್ನನ್ನೂ ಎದುರುಬದುರು ನಿಲ್ಲಿಸಿದರು. ಭಾನುವಾರದ ರೈಮಿಂಗ್ ಎಂದರು. ಎರಡನೇ ಕ್ಲಾಸಿನ ಮಗು, ಎದುರಿಗೆ ಅದರ ತಾಯಿ. ಅದೇ ನಿಯಮ, ಅದೇ ಮೂಗು, ಅದೇ ಕೆನ್ನೆ. ಭಾವ ಪಾಠ ಮಾಡುವ ಖಾಸಗಿ ಶಾಲೆಯಲ್ಲಿ ಮಕ್ಕಳ ಮೇಲೆ ಕೈ ಮಾಡಿದರೆ ಅಪ್ಪ-ಅಮ್ಮ ಜಗಳಕ್ಕೆ ಬರುತ್ತಾರಂತೆ. ಮನೆಯಲ್ಲಿ ಯಾರು ಬರುತ್ತಾರೆ?

ಮೊದಲು ರೇನ್‌ಗೆ ಪ್ರಾಸದ ಪದ, ಅದರ ಅರ್ಥ ಕೇಳಿದರು. ಧನು ಟ್ರೇನ್, ರೈಲು ಎಂದಳು. ನಿನ್ನ ಸರದಿ ಬಂದಾಗ ನೀನು ಚೈನ್ ಎಂದು ನಿಲ್ಲಿಸಿ, ಅರ್ಥ ಗೊತ್ತಿಲ್ಲ ಕಣ್ರೀ ಎಂದೆ. ಭಾವ ನನ್ನ ಕಡೆ ತಿರುಗಿ, "ನೋಡಪ್ಪ ರೇವಂತ್, ನಿಮ್ಮಕ್ಕನ ತಲೇಲಿ ಬರೀ ರಾಗಿ ಹಿಟ್ಟು" ಎಂದರು. ನಾನು ನಕ್ಕಿದ್ದು ಅಲ್ಲೇ. ಮರೆತುಹೋಗಿರಬೇಕು, ಮನೆಕೆಲಸದಲ್ಲಿ ಯಾರಿಗೆ ನೆನಪಿರುತ್ತದೆ ಎಂದುಕೊಂಡೆ. ಧನು ನಿನ್ನ ಮೂಗು ಹಿಡಿದು ಹೊಡೆದಳು. ಮುಂದಿನದಕ್ಕೂ ನೀನೇ ತಪ್ಪಿದೆ. ಅದರ ಮುಂದಿನದಕ್ಕೂ. ಆಗ ಬ್ರೇನ್ ಬಂತು. ಧನು ತಡವರಿಸಿದಳು, ಕೆಳತುಟಿ ಕಚ್ಚಿಕೊಂಡಳು. ಅವಳ ಸರದಿಯಲ್ಲಿ ನೀನು ಮಧ್ಯೆ ಬಾಯಿ ಹಾಕಿ, ಬ್ರೇನ್ ಅಂದರೆ ಹೊಟ್ಟೆ ಎಂದುಬಿಟ್ಟೆ.

ಅಲ್ಲಿ ನನ್ನ ನಗು ನಿಂತಿತು ಅಕ್ಕ. ನಿನಗೆ ಎಲ್ಲವೂ ಗೊತ್ತು. ಮಗಳ ಕೆನ್ನೆಗೆ ನೀನು ಹೊಡೆಯಬೇಕಾಗಬಾರದು ಎಂದು ವಾರವಾರವೂ ದಡ್ಡಿಯಾಗಿ ನಿಲ್ಲುತ್ತಿದ್ದೀಯ. ಧನು ಎಲ್ಲಿ ತಪ್ಪುತ್ತಾಳೆ ಎಂದು ಅವಳ ತುಟಿಯನ್ನೇ ನೋಡುತ್ತಾ, ಅವಳಿಗಿಂತ ಮೊದಲು ತಪ್ಪಿಬಿಡುತ್ತೀಯ. ಭಾವನಿಗೂ ಅದು ಗೊತ್ತಾಗಿತ್ತು. ಮೇಷ್ಟ್ರಿಗೆ ಅಷ್ಟೂ ತಿಳಿಯುವುದಿಲ್ಲವೇ? ತಿಳಿದೇ ನಗುತ್ತಿದ್ದರು.

ಧನು ಆಗ ಬರೀ ಬೆರಳು ತಾಗಿಸಿದಳು. "ಹಂಗಲ್ಲ ಪುಟ್ಟ, ಅಪ್ಪ ತೋರಿಸ್ತೀನಿ" ಎಂದು ಭಾವ ಎದ್ದರು. ಎಡಗೈಯಲ್ಲಿ ನಿನ್ನ ಮೂಗು ಹಿಡಿದು, ಬಲಗೈಯನ್ನು ಹಿಂದಕ್ಕೆ ಎಳೆದು ಬೀಸಿದರು. ನಿನ್ನ ತಲೆ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚಿಕೊಂಡು ರಕ್ತ ಕತ್ತಿಗಿಳಿಯಿತು. ಅವರೇನೋ ಕೇಳಿದರು. ನೀನು ಬಲಗಿವಿ ಅತ್ತ ತಿರುಗಿಸಿ, ಏನಂದ್ರಿ ಎಂದೆ. ಅವರು ನಗುತ್ತಾ ಕೈ ಮತ್ತೆ ಎತ್ತಿದರು.

ಆಮೇಲಿನದು ನಿನಗೆ ಗೊತ್ತು, ಆದರೂ ಹೇಳುತ್ತೇನೆ, ಯಾಕೆಂದರೆ ಅದು ಕಣ್ಣು ಮುಚ್ಚಿದರೂ ಬಿಡುತ್ತಿಲ್ಲ. ಆ ಕೈಯನ್ನು ಹಿಡಿದು ಹಿಂದಕ್ಕೆ ತಿರುಚಿದೆ. ಅವರನ್ನು ಕುರ್ಚಿಯ ಸಮೇತ ಕೆಡವಿ ಎದೆಯ ಮೇಲೆ ಮಂಡಿಯೂರಿದೆ. ಮೂಗು ಹಿಡಿದೆ. ಬೀಟ್, ಹೊಡಿ. ಮೀಟ್, ಮಾಂಸ. ಹೀಟ್, ಬಿಸಿ. ಒಂದೊಂದು ಪದಕ್ಕೂ ಒಂದು ಏಟು, ನನ್ನ ಬಾಯೇ ಹೇಳುತ್ತಿತ್ತು, ನಾನು ಹೇಳಿಸುತ್ತಿರಲಿಲ್ಲ. ಗ್ರೈಂಡರಿನಲ್ಲಿ ಎರಕದ ಕಬ್ಬಿಣದ ಅಂಚಿನ ಮುಳ್ಳು ಉಜ್ಜುವಾಗ ಕಿಡಿ ಮುಖಕ್ಕೆ ಹಾರಿದರೂ ಕೈ ನಿಲ್ಲುವುದಿಲ್ಲ, ಹಾಗೆ. ಮೂಗಿನ ಎಲುಬು ಕಟಕ್ಕೆಂದಿತು. ಹಲ್ಲು ನನ್ನ ಗೆಣ್ಣಿಗೆ ಹತ್ತಿತು. ರಕ್ತ ಅವರದೋ ನನ್ನದೋ ಗೊತ್ತಾಗಲಿಲ್ಲ, ಟಿವಿ ಸ್ಟ್ಯಾಂಡಿನ ತನಕ ಚಿಮ್ಮಿತ್ತು. ಸಾಯಿಸುತ್ತಿದ್ದೆನೇನೋ. ಸುಳ್ಳು ಹೇಳಲಾರೆ, ಹಿತವಾಗಿತ್ತು.

ಆಗ ಧನು ಹತ್ತಿರ ಬಂದು ನಿಂತಳು. ಅಳಲಿಲ್ಲ, ಕಿರುಚಲಿಲ್ಲ. ನನ್ನ ತೋಳು ಮುಟ್ಟಿ ಕೇಳಿದಳು, "ಮಾಮ, ಅಪ್ಪ ಯಾವ್ದು ತಪ್ಪು ಹೇಳಿದ್ರು?"

ನೀನು ನನ್ನ ಮಣಿಕಟ್ಟು ಕಚ್ಚಿ ಬಿಡಿಸಿದ್ದು ಅದಾದ ಮೇಲೆ. ನೀನು ಕಚ್ಚದಿದ್ದರೂ ನನ್ನ ಕೈ ನಿಂತುಬಿಟ್ಟಿತ್ತು. ನೀನು ನನ್ನನ್ನು ಬಾಗಿಲಾಚೆ ನೂಕಿ, "ಹೋಗ್ಬುಡ್ಲಾ ಇಲ್ಲಿಂದ, ನೀನ್ ಹೊಡ್ದಿದ್ದು ನಾವ್ ತಿನ್ಬೇಕು" ಎಂದು ಚಿಲಕ ಹಾಕಿಕೊಂಡೆ. ನಿಜ ಅಕ್ಕ. ನಾನು ಬಸ್ಸು ಹತ್ತಿ ಬಂದೆ, ನೀವಿಬ್ಬರು ಒಳಗೆ ಉಳಿದಿರಿ. ನನ್ನ ಏಟಿನ ಲೆಕ್ಕ ನಿನ್ನ ಮೈಮೇಲೆ ತೀರುತ್ತದೆ ಎಂಬುದು ಬೀದಿಯ ತಿರುವಿಗೆ ಬರುವ ತನಕ ನನಗೆ ಹೊಳೆಯಲಿಲ್ಲ. ವಾಪಸ್ ಬಂದು ಬಾಗಿಲು ಬಡಿದೆ, ನೀನು ತೆಗೆಯಲಿಲ್ಲ. ತೆಗೆದಿದ್ದರೆ ಮತ್ತೆ ಹೊಡೆಯುತ್ತಿದ್ದೆ, ಅದು ನಿನಗೆ ಗೊತ್ತಿತ್ತು.

ಧನು ಕೇಳಿದ್ದಕ್ಕೆ ಏನು ಹೇಳಬೇಕಿತ್ತು ಎಂದು ಇಲ್ಲಿ ಬೆಂಚಿನ ಮೇಲೆ ಕೂತು ಯೋಚಿಸುತ್ತಲೇ ಇದ್ದೇನೆ. ಹೊಡೆಸಿಕೊಂಡವರು ತಪ್ಪು ಹೇಳಿದವರು, ಹೊಡೆದವರು ಸರಿ ಹೇಳಿದವರು, ಅಷ್ಟೇ ಅವಳಿಗೆ ಗೊತ್ತಿರುವುದು. ಅಂದರೆ ಇಷ್ಟು ದಿನ ಅವಳ ಪ್ರಕಾರ ನೀನು ಏನೂ ಬಾರದ ಅಮ್ಮ. ಇವತ್ತು ನಾನು ಎಲ್ಲ ಬಲ್ಲ ಮಾಮ. ನಾಳೆ ಅಪ್ಪನ ಕೈ ಮತ್ತೆ ಏಳುತ್ತದೆ, ಆಗ ಅಪ್ಪ ಬಲ್ಲವರು. ಆ ಮಗು ಬೆಳೆದು ಯಾರದೋ ಎದುರಿಗೆ ನಿಂತು ತಾನೇ ಮೂಗು ಮುಂದೆ ಮಾಡಿಕೊಂಡು ನಿಲ್ಲುತ್ತಾಳೆ. ನನ್ನ ಮುಷ್ಟಿಯಿಂದ ಅದು ತಪ್ಪುವುದಿಲ್ಲ. ನೀನು ತಪ್ಪು ಉತ್ತರ ಹೇಳುತ್ತಾ ಹೋದರೂ ತಪ್ಪುವುದಿಲ್ಲ. ಅವಳನ್ನು ಕರೆದುಕೊಂಡು ಆ ಮನೆಯಿಂದ ಹೊರಗೆ ಬಂದರೆ ಮಾತ್ರ.

ರಾಧಾಮಣಿ ಅಕ್ಕ ಫೋನಿನಲ್ಲಿ ಹೇಳಿದ್ದು ಕೇಳು. ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಅವರ ಗಂಡನೇ. ಹೆಂಡತಿಯ ತಮ್ಮನ ಕೈಯಲ್ಲಿ ತಿಂದೆ ಎನ್ನಲು ನಾಚಿಕೆಯಾಗಿ ಸ್ಕೂಟರಿನಿಂದ ಬಿದ್ದೆ ಎಂದು ಡಾಕ್ಟರ ಹತ್ತಿರ ಬರೆಸಿದ್ದಾರೆ. ಮನೆಗೆ ಬಂದ ಮೇಲೆ ಮಾತ್ರ, ನೀನು ಮನೆ ಬಿಟ್ಟು ಹೋದರೆ ರೇವಂತನನ್ನು ಜೈಲಿಗೆ ಹಾಕಿಸುತ್ತೇನೆ ಎಂದರಂತೆ. ಹಾಕಿಸಲಿ. ಹೊಡೆದವನು ನಾನು, ಕೇಳಿದರೆ ಹೌದೆನ್ನುತ್ತೇನೆ. ನನ್ನ ಹೆಸರು ಹೇಳಿ ನಿನ್ನನ್ನು ಕಟ್ಟಿಹಾಕಲು ಬಿಡಬೇಡ. ನಾನು ಒಳಗಿದ್ದು ನೀವಿಬ್ಬರು ಹೊರಗಿದ್ದರೆ ನನಗೆ ನಿದ್ದೆ ಬರುತ್ತದೆ. ಈಗ ಬರುತ್ತಿಲ್ಲ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಭಾವ ಬ್ಯಾಂಡೇಜು ಬದಲಿಸಲು ಆಸ್ಪತ್ರೆಗೆ ಹೋಗುತ್ತಾರೆ. ರಾಧಾಮಣಿ ಅಕ್ಕನ ಗಂಡನೇ ಕರೆದುಕೊಂಡು ಹೋಗಿ, ಸಾಲಿನಲ್ಲಿ ಕೂರಿಸಿ ತಡಮಾಡಿಸುತ್ತಾರೆ. ಬಟ್ಟೆ ಕಟ್ಟಿಕೊಂಡು ಕೂರಬೇಡ. ಧನುವನ್ನು ಶಾಲೆಯ ಯೂನಿಫಾರ್ಮಿನಲ್ಲೇ ಹೊರಡಿಸು, ಬೀದಿಯವರು ಏನೂ ಕೇಳುವುದಿಲ್ಲ. ಮಧುಗಿರಿ ಬಸ್ಸು ಹತ್ತು. ನಾನು ಇದೇ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಹೊಸೂರಿಗೆ ಹೋಗುವುದಿಲ್ಲ. ಮೊದಲು ಇಲ್ಲಿ ನಿನ್ನ ಕಿವಿ ತೋರಿಸಿ ಚೀಟಿ ಬರೆಸೋಣ, ಹೇಗಾಯಿತು ಎಂದು ಡಾಕ್ಟರು ಕೇಳಿದರೆ ನೀನು ಬಿದ್ದೆ ಎನ್ನಬೇಡ.

ಅಮ್ಮನ ಮನೆಗೆ ಬೇಡ, ಅವಳು ಸಂಜೆಗೇ ವಾಪಸ್ ಕಳಿಸುತ್ತಾಳೆ. ಪಾವಗಡದಲ್ಲಿ ಚಿಕ್ಕಹನುಮಕ್ಕ ಅತ್ತೆಗೆ ಫೋನ್ ಮಾಡಿದ್ದೇನೆ. ಕೋಳಿ ಅಂಗಡಿ ಮುಚ್ಚುತ್ತಿದ್ದಳು, ಎಲ್ಲ ಕೇಳಿಸಿಕೊಂಡು ಶಟರ್ ದಡಾರನೆ ಎಳೆದಳು. ಆಮೇಲೆ, "ರಮ್ಮನ್ಲಾ, ಇಬ್ರೂ ಬರ್ಲಿ. ಆ ಮೇಷ್ಟ್ರು ಇಲ್ಲಿಗ್ ಬಂದ್ರೆ ನಾನೇ ಇಂಗ್ಲಿಷ್ ಕಲಿಸ್ತೀನಿ" ಎಂದಳು. ನಗು ಬಂತು, ಅಳುವೂ ಬಂತು. ಅಲ್ಲಿನ ಶಾಲೆಯಲ್ಲಿ ಅರ್ಧ ತೆಲುಗು ಕಣೆ, ಧನು ಒದ್ದಾಡುತ್ತಾಳೆ, ಒದ್ದಾಡಲಿ. ತಪ್ಪು ಹೇಳಿದರೆ ಯಾರೂ ಮೂಗು ಹಿಡಿಯದ ಮನೆಯಲ್ಲಿ ಇರುತ್ತಾಳೆ.

ಫೋನಿನ ಚಾರ್ಜು ಮುಗಿಯುತ್ತಾ ಬಂತು. ಒಂದೇ ಒಂದು ಮಾತು. ಅವಳು ಕೇಳಿದ್ದಕ್ಕೆ ನಾನು ಉತ್ತರ ಹೇಳದೆ ಓಡಿಬಂದೆ. ನೀನು ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪದಗಳನ್ನೆಲ್ಲ ಒಂದೇ ಉಸಿರಿಗೆ, ಅರ್ಥದ ಸಮೇತ ಹೇಳು. ಅಮ್ಮನಿಗೆ ಮೊದಲಿನಿಂದಲೂ ಎಲ್ಲವೂ ಗೊತ್ತಿತ್ತು ಎಂದು ಅವಳಿಗೆ ತಿಳಿಯಲಿ.

ನಿನ್ನ ಕಿವಿ ವಾಸಿಯಾಗಲಿ, ನನ್ನ ಧನು ಹೆದರದೆ ಬೆಳೆಯಲಿ. ಮನೆದೇವರು ನಿಮ್ಮಿಬ್ಬರ ಬೆನ್ನಿಗಿರಲಿ.

ನಿನ್ನ ತಮ್ಮ,
ರೇವಂತ್

ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ಫೋನಿನಿಂದಾದರೂ ಸರಿ, ಒಂಬತ್ತೂವರೆಗೆ ಫೋನ್ ಮಾಡು.