ಸಕ್ರವ್ವನ ಅರ್ಧ ಮಾತು

ಗುಳೇದಗುಡ್ಡ
ಇಸವಿ ೨೨೦೪, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ವಸ್ತುಸಂಗ್ರಹಾಲಯದಲ್ಲಿ ಜನರ ಕಲಿಕೆಯನ್ನು ಅಳೆದ ಮಹನೀಯರೇ,

ಈ ತಾರೀಖು ಹಿಂದಿನ ಕಾಲದವರಾದ ನಿಮಗೆ ವಿಚಿತ್ರವೆನಿಸಬಹುದು, ಕೆಲವು ಪದಗಳೂ ಅಷ್ಟೇ. ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಮುಂದೆ ಬರೆಯುವ ಯಾವುದಕ್ಕೂ ಕೇಳುವುದಿಲ್ಲ.

ನಮ್ಮ ಕಾಲದಲ್ಲಿ ಯಾರೂ ನೇಯುವುದಿಲ್ಲ. ಬೆಳಿಗ್ಗೆ ಓಣಿಯ ನಲ್ಲಿಯಡಿ ಕೈ ಚಾಚಿ ನಿಂತರೆ ಎರಕಬಟ್ಟೆ ಮೈಮೇಲೆ ಸುರಿದು ಅಂಗಿಯಾಗಿ ಗಟ್ಟಿಯಾಗುತ್ತದೆ. ಸಂಜೆ ಅದನ್ನು ಸಿಪ್ಪೆಯಂತೆ ಸುಲಿದು ಒಪ್ಪಿಸಬೇಕು. ಬಣ್ಣವೂ ಎರಕದ ಕಂಪನಿ ಹೇಳಿದ್ದೇ. ನಾವು ಒಂಬತ್ತು ಜನ ಇದನ್ನು ಧಿಕ್ಕರಿಸಿ, ನಿಮ್ಮ ಉಗ್ರಾಣದಲ್ಲಿ ಉಳಿದಿದ್ದ, ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗವನ್ನು ಹೊರತೆಗೆದಿದ್ದೇವೆ. ಹುಣ್ಣಿಮೆಯೊಳಗೆ ಕಂಪನಿಗೆ ಒಂದು ಮೊಳ ನೇಯ್ದು ತೋರಿಸದಿದ್ದರೆ ಅದು ಕರಗುಮನೆಗೆ ಹೋಗುತ್ತದೆ; ಹಳೆಯ ವಸ್ತುಗಳನ್ನು ಅರೆದು ಎರಕದ ಹಿಟ್ಟು ಮಾಡುವ ಜಾಗವದು. ನೂಲು ಇದೆ. ಮಗ್ಗದ ಮೇಲೆ ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳೂ ಇವೆ. ಅವಕ್ಕೆ ಹೊಸ ಎಳೆ ಕೂಡಿಸಲು ನಮಗೆ ಬರುವುದಿಲ್ಲ. ಗಂಟು ಹಾಕಿದರೆ ಹಣಿಗೆಯ ಹಲ್ಲಿಗೆ ಸಿಕ್ಕಿ ಹರಿಯುತ್ತದೆ.

ಇದನ್ನು ಬಲ್ಲವಳು ನಿಮ್ಮ ಕಣ್ಣೆದುರಿಗೇ ಕೂತಿದ್ದಳು. ಮಗ್ಗದೊಂದಿಗೆ ನಿಮ್ಮ ಮೌಲ್ಯಮಾಪನದ ಹಾಳೆಯೂ ಸಿಕ್ಕಿತು. ಸಂದರ್ಶಕಿ: ಸಕ್ರವ್ವ, ನೇಕಾರ ಹೆಣ್ಣುಮಗಳು, ಜೊತೆಗೆ ಇಬ್ಬರು ಸೊಸೆಯಂದಿರು. ಫಲಕ ಓದಿದ ಸಮಯ: ಸೊನ್ನೆ. ಮಗ್ಗಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಸೆರಗಿನ ಎಳೆ ಬಿಚ್ಚಿಕೊಂಡು, ಸೊಸೆಯ ಬೆರಳು ಹಿಡಿದುಕೊಂಡು ಹರಟೆ. ಕಲಿಕೆ: ಇಲ್ಲ. ಸಮಯ ಅಳೆಯುತ್ತ ನಿಂತಿದ್ದ ನಿಮ್ಮ ಕಡೆಯವನನ್ನು ಅವಳು ಕೇಳಿದ್ದನ್ನೂ ಬರೆದುಕೊಂಡಿದ್ದೀರಿ: “ಏ ತಮ್ಮಾ, ಗಡಿಯಾರ ಹಿಡಕೊಂಡು ಯಾಕ ನಿಂತೀಯೋ? ಬಸ್ ಬರೂದೈತೇನು?” ಮೂವರೂ ನಕ್ಕರಂತೆ.

ಫಲಕದಲ್ಲಿ ಮಗ್ಗದ ಉದ್ದ, ಅಗಲ, ಮರದ ಹೆಸರು ಬರೆದಿದ್ದಿರಿ. ಅದನ್ನು ಓದಿ, ಹೊರಬಾಗಿಲಲ್ಲಿ ಐದು ಪ್ರಶ್ನೆಗೆ ಉತ್ತರಿಸಿದವರು ಮಾತ್ರ ನಿಮಗೆ ಕಲಿತವರು. ಅತ್ತೆ ಸೊಸೆಯ ಬೆರಳು ಹಿಡಿದು ತೋರಿಸಿದ್ದಕ್ಕೆ ನಿಮ್ಮ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಮಗ್ಗದಿಂದ ಯಾರೂ ಏನೂ ಕಲಿಯುತ್ತಿಲ್ಲವೆಂದು ವರದಿ ಕೊಟ್ಟು ಅದನ್ನು ಉಗ್ರಾಣಕ್ಕೆ ತಳ್ಳಿದಿರಿ. ಸೊಕ್ಕೆನ್ನುವುದು ಇದಕ್ಕೇ.

ಹಾಳೆಯ ಕೊನೆಯಲ್ಲಿ ಅವಳ ಮಾತು ಹೀಗಿದೆ: “ಗಂಟ್ ಹಾಕಬ್ಯಾಡ್ರವಾ. ಬೆರಳಿಗೆ ಬೂದಿ ಹಚ್ಕೊಂಡು, ಎರಡೂ ಎಳಿ ಜೋಡಿಸಿ ಹಿಡದು, ಮೊದಲ…” ಅಲ್ಲಿಗೆ ಗೆರೆ ಎಳೆದು, ವಿಷಯಾಂತರ ಎಂದು ಬರೆದಿದ್ದೀರಿ. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ಎಳೆ ಹಿಡಿದು ಹನ್ನೊಂದು ದಿನದಿಂದ ಕೂತಿದ್ದೇವೆ. ಹುಣ್ಣಿಮೆಗೆ ಇನ್ನು ಮೂರೇ ದಿನ.

ನಿಮ್ಮನ್ನು ನಾವು ಕ್ಷಮಿಸುವುದಿಲ್ಲ. ಆದರೆ ಈ ಕಾಗದ ತಲುಪುವ ಹೊತ್ತಿಗೆ ಅವಳಿನ್ನೂ ಅಲ್ಲೇ ಇದ್ದರೆ, ಅವಳೆದುರು ನೆಲದ ಮೇಲೆ ಕೂತುಕೊಳ್ಳಿ. ಮೊದಲು ಏನು ಮಾಡಬೇಕೆಂದು ಕೇಳಿ, ಬರೆದಿಡಿ. ನಿಮ್ಮ ಬೆರಳಿಗೆ ಅದು ಬರುವವರೆಗೂ ಏಳಬೇಡಿ.

ಗುರಸಿದ್ದವ್ವ